ಸೂರತ್ ಸೀರೆ, ಲಾರಿ ಟೈರು, ನಮ್ಮೂರ ಮಂಡಕ್ಕಿ

ಪೆಟ್ರೋಲ್ ರೇಟ್ ಏರಿದಾಗ ಮಾತ್ರ ನಮಗೆ ಕಚ್ಚಾತೈಲ ನೆನಪಾಗೋದು. ಬಂಕ್ ಮುಂದೆ ನಿಂತು ಸರ್ಕಾರಕ್ಕೆ ಬೈದು ಗಾಡಿಗೆ ಹಾಕಿಸ್ಕೊಂಡು ಬರ್ತೀವಿ, ಅಲ್ಲಿಗೆ ಮುಗೀತು. ದೇಶ ಬಳಸೋ ಕಚ್ಚಾತೈಲದಲ್ಲಿ ನೂರಕ್ಕೆ 85ಕ್ಕಿಂತ ಜಾಸ್ತಿ ಹೊರಗಿಂದಲೇ ಬರೋದು, ಅದು ಪೇಪರ್ ಓದೋರಿಗೆಲ್ಲ ಗೊತ್ತು. ಆದ್ರೆ ಅದು ಬಂಕಿಗೆ ಮಾತ್ರ ಹೋಗಲ್ಲ, ನಮ್ಮ ಮೈಮೇಲೂ ಐತೆ, ತಿನ್ನೋ ತಟ್ಟೆ ಹತ್ರನೂ ಬಂದೈತೆ.

ನಮ್ಮೂರು ದಾವಣಗೆರೆನ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ರು. ಹತ್ತಿ ಬೆಳೆಯೋ ಸೀಮೆ, ಊರ ತುಂಬ ಕಾಟನ್ ಮಿಲ್ಲು. ಆ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದ್ವು. ಈಗ ಪೇಟೆಯಲ್ಲಿ ಒಂದು ಶರ್ಟ್ ತಗೊಂಡು ಕಾಲರ್ ಹತ್ರ ಚೀಟಿ ನೋಡಿ, 65 ಪಾಲಿಯೆಸ್ಟರ್ 35 ಕಾಟನ್ ಅಂತ ಇದ್ರೆ ಪುಣ್ಯ, ಎಷ್ಟೋ ಬಟ್ಟೆ ಪೂರ್ತಿ ಪಾಲಿಯೆಸ್ಟರ್ರೇ. ಅದು ಕಚ್ಚಾತೈಲದಿಂದ ಬಂದ ಪ್ಲಾಸ್ಟಿಕ್ಕು, ನೀರಿನ ಬಾಟ್ಲಿ ಯಾವುದರಿಂದ ಮಾಡ್ತಾರೋ ಅದೇ ಮಾಲು, ಕರಗಿಸಿ ಸಣ್ಣ ತೂತಲ್ಲಿ ಎಳೆ ತೆಗೀತಾರೆ ಅಷ್ಟೇ. ಒಗೆದಾಗೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆ ಉದುರಿ ಚರಂಡಿ ಸೇರ್ತವೆ, ಕೊಳೆಯಲ್ಲ. ಇವತ್ತು ಜಗತ್ತಲ್ಲಿ ತಯಾರಾಗೋ ನಾರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲಿಯೆಸ್ಟರ್ರೇ.

ಸೂರತ್‌ನಿಂದ ಇದೇ ಪಾಲಿಯೆಸ್ಟರ್ ಸೀರೆಗಳು ಲಾರಿ ಲೋಡ್‌ಗಟ್ಟಲೆ ಬರ್ತವೆ. ನ್ಯಾಷನಲ್ ಹೈವೇ 48 ಸೂರತ್ ದಾಟಿ, ಮುಂಬೈ, ಪುಣೆ, ಹುಬ್ಬಳ್ಳಿ ಮೇಲೆ ನಮ್ಮೂರಿಗೆ ಬಂದು ಚಿತ್ರದುರ್ಗದ ಕಡೆ ಹೋಗ್ತದೆ. ಹಬ್ಬಕ್ಕೆ ಒಂದು, ಆಫರ್ ಇದೆ ಅಂತ ಇನ್ನೊಂದು, ಮೊಬೈಲ್‌ನಲ್ಲಿ ಕಂಡಿದ್ದಕ್ಕೆ ಮತ್ತೊಂದು ಅಂತ ನಾವು ತರಿಸ್ತಾನೇ ಇರ್ತೀವಿ, ಅದನ್ನ ಹೊತ್ತು ತರೋ ಲಾರಿಗಳ ಟೈರ್ ಸವೀತಾನೇ ಇರ್ತವೆ. ಆ ಟೈರಲ್ಲೂ ದೊಡ್ಡ ಪಾಲು ತೈಲದ್ದೇ, ಸಿಂಥೆಟಿಕ್ ರಬ್ಬರ್ರು, ಟೈರನ್ನ ಗಟ್ಟಿ ಮಾಡೋ ಕಾರ್ಬನ್ ಬ್ಲ್ಯಾಕ್ ಅನ್ನೋ ಕಪ್ಪು ಪುಡಿ ಎಲ್ಲಾ ಅಲ್ಲಿಂದಲೇ ಬರೋದು.

ಸವೆದ ಟೈರ್ ಎಲ್ಲಿಗೆ ಹೋಗ್ತದೆ? ಮಂಡಕ್ಕಿ ಭಟ್ಟಿ ಕಡೆ ಒಮ್ಮೆ ಹೋಗಿ ನೋಡ್ರಿ. ಉಪ್ಪು ಹಾಕಿ ಒಣಗಿಸಿದ ಅಕ್ಕಿನ ಕಾದ ಮರಳಿಗೆ ಸುರಿದು ತಿರುವಿದ್ರೆ ಒಂದೇ ಗಳಿಗೆಯಲ್ಲಿ ಬೆಳ್ಳಗೆ ಅರಳ್ತದೆ, ಜರಡಿ ಹಿಡಿದು ಮರಳು ಬೇರೆ ಮಾಡ್ತಾರೆ, ನೋಡೋಕೆ ಎಷ್ಟು ಚೆಂದ. ಆದ್ರೆ ಕೆಲವು ಭಟ್ಟಿಗಳಲ್ಲಿ ಒಲೆಗೆ ಹಾಕೋದು ಕೊಯ್ದ ಟೈರ್ ತುಂಡು. ಭತ್ತದ ಹೊಟ್ಟಿಗಿಂತ ಎರಡು ಪಟ್ಟು ಕಾವು ಅದಕ್ಕೆ, ರೇಟೂ ಕಮ್ಮಿ. ಚಿಮಣಿಯಿಂದ ಕಪ್ಪು ಹೊಗೆ ಬಂದ್ರೆ ಅಕ್ಕಪಕ್ಕದ ಮನೆಯೋರು ಕಿಟಕಿ ಮುಚ್ಕೋತಾರೆ, ಒಣಹಾಕಿದ ಬಟ್ಟೆ ಮೇಲೆ ಮಸಿ ಕೂರ್ತದೆ. ಬೂದಿ ರಾಶಿಯಲ್ಲಿ ಟೈರೊಳಗಿನ ಕಬ್ಬಿಣದ ತಂತಿ ಸುರುಳಿ ಸುರುಳಿಯಾಗಿ ಉಳಿದಿರ್ತದೆ. ಆ ಹೊಗೆಯಲ್ಲಿ ಗಂಧಕದ ಅನಿಲ, ಕ್ಯಾನ್ಸರ್ ತರೋ ವಿಷಗಳು ಇರ್ತವೆ, ಅದನ್ನ ದಿನವಿಡೀ ಕುಡಿಯೋದು ಒಲೆ ಮುಂದೆ ಕೂತೋರು. ಲಾರಿ ಅವರದಲ್ಲ, ಕೊಂಡ ಸೀರೆನೂ ಅವರದಲ್ಲ.

ಟೈರ್ ಸುಟ್ರೆ ಕೇಸ್ ಹಾಕಿ ಅನ್ನೋದು ಸುಲಭ. ಹಂಗಂತ ಬಡ ಭಟ್ಟಿಯವರ ಮೇಲಷ್ಟೇ ದಂಡ ಹಾಕಿ ಕೈ ತೊಳ್ಕೊಳ್ಳೋದು ನನಗೆ ಒಪ್ಪಲ್ಲ. ಭದ್ರಾ ಅಚ್ಚುಕಟ್ಟಿನಲ್ಲಿ ಇಷ್ಟು ಭತ್ತ ಬೆಳೀತದೆ, ರೈಸ್ ಮಿಲ್ ಇದ್ದಲ್ಲೆಲ್ಲ ಹೊಟ್ಟು ಐತೆ, ಅದನ್ನ ಕೈಗೆಟುಕೋ ರೇಟಿಗೆ ಭಟ್ಟಿಗೆ ಮುಟ್ಟಿಸ್ಲಿ, ಹೊಗೆ ಕಮ್ಮಿ ಬರೋ ಒಲೆಗೆ ಸಬ್ಸಿಡಿ ಕೊಡ್ಲಿ, ಹಳೇ ಟೈರ್ ಸರಿಯಾಗಿ ರೀಸೈಕಲ್ ಆಗೋ ಜವಾಬ್ದಾರಿನ ಟೈರ್ ತಯಾರಿಸೋ ಕಂಪನಿಗಳೇ ಹೊರಬೇಕು ಅಂತ 2022ರಲ್ಲೇ ಕೇಂದ್ರ ಸರ್ಕಾರ ರೂಲ್ಸ್ ತಂದೈತೆ, ಅದು ನಮ್ಮೂರ ಗುಜರಿ ಅಂಗಡಿವರೆಗೂ ಬರ್ಲಿ. ಇನ್ನು ನಾವು, ಬೀರು ತುಂಬ ಬಟ್ಟೆ ಇಟ್ಕೊಂಡು ಈ ದೀಪಾವಳಿಗೂ ಐದೈದು ಜೊತೆ ತರೋದನ್ನ ಬಿಡೋಣ, ತಗೊಳ್ಳಲೇಬೇಕಾದ್ರೆ ಹತ್ತಿದು ಒಂದೇ ತಗೊಳ್ಳೋಣ.