ರೀಸೆಟ್‌ಗೆ ಮೊದಲೇ ಡಂಪ್ ಹಿಡಿಯಬೇಕು

"ಸ್ಕ್ರೀನ್ ಸ್ವಲ್ಪ ಹೊತ್ತು ನಿಂತುಹೋಯಿತು, ಆಮೇಲೆ ತಾನಾಗಿ ಸರಿಹೋಯಿತು." ಗ್ರಾಫಿಕ್ಸ್ ಡ್ರೈವರ್ ತಂಡಕ್ಕೆ ಬರುವ ದೂರುಗಳಲ್ಲಿ ಬಿಡಿಸಲು ಕಷ್ಟವಾದದ್ದು ಇದೇ. ಗ್ರಾಫಿಕ್ಸ್ ಕಾರ್ಡಿಗೆ ವಹಿಸಿದ ಕೆಲಸ, ಅಂದರೆ ಜಾಬ್, ಕೊಟ್ಟ ಸಮಯದೊಳಗೆ ಮುಗಿಯಲಿಲ್ಲ ಎಂದು ಡ್ರೈವರ್ ಗಮನಿಸಿದೆ, ಕಾರ್ಡನ್ನು ರೀಸೆಟ್ ಮಾಡಿದೆ, ಮತ್ತೆ ಓಡಿಸಿದೆ. ಲಾಗ್‌ನಲ್ಲಿ ಉಳಿದಿರುವುದು ಎರಡೇ ಸಾಲು. ಇಂಥ ರಿಂಗ್ (ಕಾರ್ಡಿಗೆ ಹೋಗುವ ಜಾಬ್‌ಗಳ ಸಾಲು) ಟೈಮ್‌ಔಟ್ ಆಯಿತು, ರೀಸೆಟ್ ಯಶಸ್ವಿಯಾಯಿತು ಅಂತ.

ಹೀಗೆ ಬಂದ ಒಂದು ದೂರಿನಲ್ಲಿ ಲಾಗ್ ಒಂದು 3ಡಿ ಪ್ರೋಗ್ರಾಂನತ್ತ ಬೆರಳು ತೋರಿಸುತ್ತಿತ್ತು. ರಿಂಗ್‌ನಲ್ಲಿ ಸಿಕ್ಕಿಕೊಂಡಿದ್ದ ಜಾಬ್ ಅದರದ್ದೇ. ಡ್ರೈವರ್‌ನಲ್ಲಿ ಡಂಪ್, ಅಂದರೆ ಕಾರ್ಡಿನ ಆಗಿನ ಸ್ಥಿತಿಯ ನಕಲು, ತೆಗೆಯುವ ಕೋಡ್ ಮೊದಲಿನಿಂದಲೂ ಇತ್ತು, ಆದರೆ ಅದು ಓಡುತ್ತಿದ್ದದ್ದು ರೀಸೆಟ್ ಮುಗಿದ ಮೇಲೆ. ಆ ಡಂಪ್ ತೆರೆದರೆ ಕಾರ್ಡ್ ಎಲ್ಲಿಯವರೆಗೆ ಓದಿದೆ ಎಂದು ಹೇಳುವ ರಿಂಗ್‌ನ ರೀಡ್ ಪಾಯಿಂಟರ್ ಸೊನ್ನೆ, ಡ್ರೈವರ್ ಎಲ್ಲಿಯವರೆಗೆ ಬರೆದಿದೆ ಎಂದು ಹೇಳುವ ರೈಟ್ ಪಾಯಿಂಟರ್ ಸೊನ್ನೆ, ಕಾರ್ಡ್ ತಪ್ಪು ಮೆಮೊರಿ ವಿಳಾಸ ಮುಟ್ಟಿದ್ದನ್ನು (ಪೇಜ್ ಫಾಲ್ಟ್) ಬರೆದಿಡುವ ರಿಜಿಸ್ಟರ್, ಅಂದರೆ ಕಾರ್ಡಿನೊಳಗಿನ ಪುಟ್ಟ ಸಂಗ್ರಹ ಜಾಗ, ಕೂಡ ಸೊನ್ನೆ. ಪಂಚನಾಮೆಗೆ ಮೊದಲೇ ನೆಲ ತೊಳೆದ ಹಾಗೆ. ಪೂರ್ತಿ ರೀಸೆಟ್‌ನಲ್ಲಿ ಎಷ್ಟೋ ಸಲ ಕಾರ್ಡಿನ ಮೆಮೊರಿಯಲ್ಲಿದ್ದದ್ದೂ ಹೋಗುತ್ತದೆ.

ಹಾಗಾಗಿ ಕ್ರಮ ಬದಲಾಯಿಸಿದೆವು. ಟೈಮ್‌ಔಟ್ ಬಂದ ತಕ್ಷಣ ಶೆಡ್ಯೂಲರ್ ಹೊಸ ಜಾಬ್ ಕಳಿಸದಂತೆ ನಿಲ್ಲಿಸುವುದು, ಆಮೇಲೆ ರಿಜಿಸ್ಟರ್‌ಗಳನ್ನು ಓದಿಟ್ಟುಕೊಳ್ಳುವುದು, ಕೊನೆಗೆ ರೀಸೆಟ್. ಕೇಳಲು ಸುಲಭ. ಆದರೆ ಆ ಜಾಗದಲ್ಲಿ ಕೋಡ್ ಬರೆಯುವುದು ಬೇರೆಯೇ ಮಾತು, ಅದರಲ್ಲೂ ಮೆಮೊರಿ ವಿಷಯ.

ಡಂಪ್ ಇಡಲು ಜಾಗ ಬೇಕಲ್ವಾ? ಕರ್ನಲ್‌ನಲ್ಲಿ, ಅಂದರೆ ಲಿನಕ್ಸ್‌ನ ತಿರುಳಿನಲ್ಲಿ, ಸಾಮಾನ್ಯವಾಗಿ ಕೇಳುವ ಹಾಗೆ ಇಲ್ಲಿ ಮೆಮೊರಿ ಕೇಳುವಂತಿಲ್ಲ. ಮೆಮೊರಿ ಕಡಿಮೆ ಇದ್ದರೆ ಕರ್ನಲ್ ಅಲ್ಲಿ ಇಲ್ಲಿ ಬಿಡಿಸಿಕೊಳ್ಳಲು ಹೊರಡುತ್ತದೆ. ಹಾಗೆ ಹೊರಟಾಗ ಗ್ರಾಫಿಕ್ಸ್ ಬಫರ್‌ಗಳ ಹತ್ತಿರವೂ ಬರುತ್ತದೆ. ಆ ಬಫರ್ ಬಿಡಿಸಬೇಕಾದರೆ ಅದರ ಫೆನ್ಸ್ ಸಿಗ್ನಲ್ ಆಗಬೇಕು, ಅಂದರೆ ಅದನ್ನು ಬಳಸುವ ಜಾಬ್ ಮುಗಿಯಿತು ಎಂಬ ಗುರುತು ಬೀಳಬೇಕು. ಕಾರ್ಡ್ ಹ್ಯಾಂಗ್ ಆಗಿರುವುದರಿಂದ ರೀಸೆಟ್ ಆಗದೆ ಆ ಫೆನ್ಸ್ ಸಿಗ್ನಲ್ ಆಗುವುದಿಲ್ಲ. ರೀಸೆಟ್ ನಮ್ಮ ಡಂಪ್‌ಗೆ ಕಾಯುತ್ತಿದೆ, ಡಂಪ್ ಮೆಮೊರಿಗೆ ಕಾಯುತ್ತಿದೆ, ಮೆಮೊರಿ ರೀಸೆಟ್‌ಗೆ ಕಾಯುತ್ತಿದೆ. ಅಲ್ಲಿಗೆ ಎಲ್ಲವೂ ನಿಂತಿತು. ಎರಡೇ ಸೆಕೆಂಡಿನಲ್ಲಿ ಸರಿಹೋಗಬೇಕಿದ್ದ ಮಷೀನ್‌ಗೆ ಪವರ್ ಬಟನ್ ಒತ್ತಬೇಕಾಗುತ್ತದೆ.

ಟೆಸ್ಟ್ ಮಾಡುವಾಗ ಇದು ಸುಲಭಕ್ಕೆ ಕಾಣಿಸುವುದಿಲ್ಲ, ಯಾಕೆಂದರೆ ಟೆಸ್ಟ್ ಮಷೀನ್‌ನಲ್ಲಿ ಮೆಮೊರಿ ಧಾರಾಳವಾಗಿರುತ್ತದೆ. ಕರ್ನಲ್‌ನಲ್ಲಿ ಈ ಫೆನ್ಸ್‌ಗಳನ್ನು ನೋಡಿಕೊಳ್ಳುವ ಡಿಎಂಎ ಫೆನ್ಸ್ ಕೋಡ್‌ನಲ್ಲಿ ಇದಕ್ಕೆಂದೇ ಗುರುತು ಹಾಕುವ ವ್ಯವಸ್ಥೆ ಇದೆ. "ಇಲ್ಲಿಂದ ಇಲ್ಲಿಯವರೆಗೆ ಫೆನ್ಸ್ ಸಿಗ್ನಲ್ ಮಾಡುವ ದಾರಿ" ಎಂದು ಹೇಳಿಟ್ಟರೆ, ಆ ದಾರಿಯಲ್ಲಿ ಯಾರಾದರೂ ಕಾಯುವ ರೀತಿಯಲ್ಲಿ ಮೆಮೊರಿ ಕೇಳಿದ ಕೂಡಲೇ, ಇಂಥ ಸಿಕ್ಕುಗಳನ್ನು ಮೊದಲೇ ಹಿಡಿಯುವ ಕರ್ನಲ್‌ನ ಪರಿಶೀಲಕ ಲಾಕ್‌ಡೆಪ್ ಕೂಗಿಕೊಳ್ಳುತ್ತದೆ. ನಿಜವಾಗಿ ಸಿಕ್ಕಿಹಾಕಿಕೊಳ್ಳುವವರೆಗೂ ಕಾಯಬೇಕಿಲ್ಲ. ರೀಸೆಟ್ ಕೋಡ್ ಮುಟ್ಟುವ ಯಾರೇ ಆಗಲಿ ಲಾಕ್‌ಡೆಪ್ ಹಾಕಿದ ಕರ್ನಲ್‌ನಲ್ಲಿ ಓಡಿಸದೆ ಪ್ಯಾಚ್ ಕಳಿಸಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ರಿಜಿಸ್ಟರ್‌ಗಳಿಗೆ ಬೇಕಾದ ಜಾಗವನ್ನು ಡ್ರೈವರ್ ಲೋಡ್ ಆಗುವಾಗಲೇ ತೆಗೆದಿಟ್ಟುಕೊಂಡೆವು. ಉಳಿದದ್ದಕ್ಕೆ ಕಾಯದೆ ಕೇಳುವುದು, ಸಿಕ್ಕರೆ ಸರಿ, ಸಿಗದಿದ್ದರೆ ಆ ಭಾಗ ಬಿಟ್ಟು ಮುಂದೆ ಹೋಗುವುದು.

ಓದುವುದರಲ್ಲೂ ಎಚ್ಚರ ಬೇಕು. ಪವರ್ ಆಫ್ ಆಗಿರುವ ಬ್ಲಾಕ್‌ನ ರಿಜಿಸ್ಟರ್ ಮುಟ್ಟಿದರೆ ಡೇಟಾ ಸಾಗುವ ದಾರಿಯಾದ ಬಸ್ಸೇ ನಿಂತುಬಿಡಬಹುದು. ಓದಿದ ಬೆಲೆಯಲ್ಲಿ ಎಲ್ಲಾ ಬಿಟ್‌ಗಳೂ 1 ಆಗಿ ಬರುತ್ತಿದ್ದರೆ ಕಾರ್ಡ್ ತನ್ನನ್ನು ಮಷೀನ್‌ಗೆ ಜೋಡಿಸುವ ಪಿಸಿಐಇ ಬಸ್‌ನಿಂದಲೇ ಕಳಚಿಕೊಂಡಿರುವ ಸಾಧ್ಯತೆ ಜಾಸ್ತಿ. ಆಗ ಸುಮ್ನೆ ಮುಂದೆ ಓದಿ ಪ್ರಯೋಜನವಿಲ್ಲ. ಚಂದವಾಗಿ ಹೆಸರು ಹಾಕಿ ಅಕ್ಷರದಲ್ಲಿ ಬರೆಯುವ ಕೆಲಸವನ್ನೂ ಅಲ್ಲಿ ಇಟ್ಟುಕೊಳ್ಳಬಾರದು. ಕಚ್ಚಾ ಸಂಖ್ಯೆಗಳನ್ನು ಎತ್ತಿಟ್ಟುಕೊಂಡರೆ ಸಾಕು, ಯಾರಾದರೂ ಫೈಲ್ ತೆರೆದಾಗ ಬಿಡಿಸಿ ಬರೆದರಾಯಿತು. ಪ್ರೋಗ್ರಾಂನ ಹೆಸರನ್ನು ಮಾತ್ರ ಆಗಲೇ ನಕಲು ಮಾಡಿಡಬೇಕು, ಫೈಲ್ ತೆರೆಯುವ ಹೊತ್ತಿಗೆ ಆ ಪ್ರೋಗ್ರಾಂ ಮುಚ್ಚಿಹೋಗಿರಬಹುದು.

ಹೊಸ ಡ್ರೈವರ್‌ನಲ್ಲಿ ಅದೇ ಹ್ಯಾಂಗ್ ಮತ್ತೆ ಬಂದಾಗ ಸಿಕ್ಕ ಡಂಪ್ ಬೇರೆ ಕಥೆ ಹೇಳಿತು. 3ಡಿ ರಿಂಗ್‌ನ ರೀಡ್ ಪಾಯಿಂಟರ್ ನಿಂತಿದ್ದದ್ದು ಒಂದು ಕಾಯುವ ಪ್ಯಾಕೆಟ್ ಮೇಲೆ. ಮೆಮೊರಿಯ ಒಂದು ಜಾಗದಲ್ಲಿ ಇಂಥ ಬೆಲೆ ಬರುವವರೆಗೆ ಕಾಯಿ ಎನ್ನುವ ಆದೇಶ ಅದು. ಆ ಬೆಲೆ ಬರೆಯಬೇಕಿದ್ದದ್ದು ಕಾರ್ಡಿನಲ್ಲಿ ಡೇಟಾ ನಕಲು ಮಾಡುವ ಭಾಗವಾದ ಕಾಪಿ ಇಂಜಿನ್. ಅದರ ಕಡೆ ನೋಡಿದರೆ ಪೇಜ್ ಫಾಲ್ಟ್ ಆಗಿ ಕೂತಿದೆ, ಫಾಲ್ಟ್ ರಿಜಿಸ್ಟರ್‌ನಲ್ಲಿದ್ದ ವಿಳಾಸ ಆಗಷ್ಟೇ ಬಿಡುಗಡೆಯಾಗಿದ್ದ ಒಂದು ಬಫರ್‌ನದ್ದು. ಕಾಪಿ ಮುಗಿಯುವ ಮೊದಲೇ ಬಫರ್ ಬಿಟ್ಟುಕೊಡುತ್ತಿದ್ದದ್ದು ಡ್ರೈವರ್. ಲಾಗ್‌ನಲ್ಲಿ ಹೆಸರು ಬಂದಿದ್ದ ಪ್ರೋಗ್ರಾಂ ಪಾಪ ತನ್ನ ಸರದಿಗೆ ಕಾಯುತ್ತಿತ್ತು ಅಷ್ಟೇ.

ಇಷ್ಟೆಲ್ಲಾ ಹಿಡಿದಿಟ್ಟರೂ ಅದು ಬಳಕೆದಾರರ ಮಷೀನ್‌ನಿಂದ ಹೊರಗೆ ಬರಬೇಕು. ಲಿನಕ್ಸ್‌ನಲ್ಲಿ ಇದಕ್ಕಿರುವುದು ಡೆವ್‌ಕೋರ್‌ಡಂಪ್, 2014ರಲ್ಲಿ 3.18 ಕರ್ನಲ್‌ನೊಂದಿಗೆ ಬಂದದ್ದು. ಕರ್ನಲ್ ತನ್ನ ಮಾಹಿತಿಯನ್ನು ಫೈಲ್‌ಗಳಾಗಿ ತೋರಿಸುವ ಸಿಸ್‌ಎಫ್‌ಎಸ್‌ನಲ್ಲಿ ಡೇಟಾ ಎನ್ನುವ ಫೈಲ್ ಹುಟ್ಟುತ್ತದೆ. ಯಾರೂ ಎತ್ತಿಕೊಳ್ಳದಿದ್ದರೆ ಸಾಮಾನ್ಯವಾಗಿ 5 ನಿಮಿಷಕ್ಕೆ ಅಳಿಸಿಹೋಗುತ್ತದೆ. ಸ್ಕ್ರೀನ್ ಸರಿಹೋದ ಮೇಲೆ 5 ನಿಮಿಷದಲ್ಲಿ ಯಾರು ಟರ್ಮಿನಲ್ ತೆರೆದು ಹುಡುಕುತ್ತಾರೆ ಹೇಳಿ? ಹಾಗಾಗಿ ಡಂಪ್ ಹುಟ್ಟಿದ ಕೂಡಲೇ ನಕಲು ಮಾಡಿಡುವ ಒಂದು ಚಿಕ್ಕ ಯುಡೆವ್ ರೂಲ್ (ಸಾಧನಗಳಲ್ಲಿ ಏನಾದರೂ ಆದಾಗ ತಾನಾಗಿ ಓಡುವ ಸೂಚನೆ) ಅನ್ನು ಪ್ಯಾಕೇಜ್ ಜೊತೆಗೇ ಕೊಡುತ್ತೇವೆ. ಹಳೆಯ ಡಂಪ್ ಇನ್ನೂ ಅಲ್ಲೇ ಇದ್ದರೆ ಅದೇ ಕಾರ್ಡಿನ ಹೊಸ ಡಂಪನ್ನು ಕರ್ನಲ್ ಎಸೆದುಬಿಡುತ್ತದೆ. ಇದು ಒಳ್ಳೆಯದೇ. ಒಂದರ ಹಿಂದೊಂದು ಹ್ಯಾಂಗ್ ಬಂದಾಗ ಬೇಕಾಗುವುದು ಮೊದಲನೆಯದು, ಉಳಿದವು ಹೆಚ್ಚಾಗಿ ಅದರ ಬಾಲ.

ಕಾರ್ಡಿನ ಮೆಮೊರಿಯನ್ನೆಲ್ಲ ಡಂಪ್‌ಗೆ ಸುರಿಯೋಣ ಎಂಬ ಮಾತು ತಂಡದಲ್ಲಿ ಆಗಾಗ ಬರುತ್ತದೆ. ನಾನು ಒಪ್ಪುವುದಿಲ್ಲ. ಅಲ್ಲಿ ಬಳಕೆದಾರರು ತೆರೆದಿಟ್ಟ ಫೋಟೋ ಇರಬಹುದು, ಬ್ಯಾಂಕಿನ ಪುಟ ಇರಬಹುದು. ಕಮಾಂಡ್ ಬಫರ್, ರಿಂಗ್, ರಿಜಿಸ್ಟರ್ ಇಷ್ಟಿದ್ದರೆ ಬಹಳಷ್ಟು ಹ್ಯಾಂಗ್‌ಗಳನ್ನು ಬಿಡಿಸಬಹುದು. ನಕಲು ಮಾಡಿದ ಫೈಲನ್ನು ರೂಟ್ (ಮಷೀನ್‌ನ ಮುಖ್ಯ ಅಡ್ಮಿನ್ ಖಾತೆ) ಮಾತ್ರ ಓದುವಂತೆ ಇಡುತ್ತೇವೆ, ಕಳಿಸುವುದೋ ಬೇಡವೋ ಎನ್ನುವುದನ್ನು ಮಷೀನ್‌ನವರಿಗೇ ಬಿಡುತ್ತೇವೆ.