ಎಂಬತ್ತು ತುಂಬಿದವರ ಏಕಾದಶಿ

ರುಕ್ಮಾಂಗದ ಮಹಾರಾಜ ಆನೆಯ ಮೇಲೆ ನಗಾರಿ ಹೊರಿಸಿ ಊರೆಲ್ಲ ಸಾರಿಸಿದ ಮಾತು ಗೊತ್ತಿರುವಂಥದ್ದೇ. ಎಂಟು ದಾಟಿದವರು, ಎಂಬತ್ತು ತುಂಬದವರು ಹರಿದಿನದಂದು, ಅಂದರೆ ಏಕಾದಶಿಯಂದು, ಉಣ್ಣಕೂಡದು. ಕಥೆ ಕೇಳುವಾಗ ಮನಸ್ಸೆಲ್ಲ ಆ ವ್ರತ ಮುರಿಸಲು ಬಂದ ಮೋಹಿನಿಯ ಮೇಲೆ, ಮಗ ಧರ್ಮಾಂಗದನ ಮೇಲೆ ಎತ್ತಿದ ಕತ್ತಿಯ ಮೇಲೆ ಹೋಗಿಬಿಡುತ್ತದೆ. ಆ ಎರಡು ಅಂಕಿಗಳನ್ನು ಯಾರೂ ನಿಂತು ನೋಡುವುದಿಲ್ಲ. ವ್ರತ ತಪ್ಪಬಾರದೆಂದು ಮಗನನ್ನೇ ಕೊಡಲು ಸಿದ್ಧನಾದ ದೊರೆ, ಅಷ್ಟು ಬಿಗಿಯಾದ ಆಜ್ಞೆಯಲ್ಲೂ ಮಕ್ಕಳನ್ನೂ ಮುದುಕರನ್ನೂ ಹೊರಗಿಟ್ಟ. ಬಾಲ್ಯದ ಕಡೆ ಒಂದು ಬಾಗಿಲು, ವೃದ್ಧಾಪ್ಯದ ಕಡೆ ಒಂದು ಬಾಗಿಲು ತೆರೆದೇ ಇವೆ.

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಜಯನಗರದ ಹಳೆಯ ಮನೆಗಳಲ್ಲಿ ಇವತ್ತಿಗೂ ಪಕ್ಷಕ್ಕೊಮ್ಮೆ ನಡೆಯುವ ಮಾತುಕತೆ ಒಂದೇ. "ಅಮ್ಮ, ನಿಮಗೆ ಎಂಬತ್ತು ತುಂಬಿತಲ್ಲ, ಎರಡು ತುತ್ತು ತಿಂದು ಮಾತ್ರೆ ತಗೊಳ್ಳಿ" ಎಂದು ಸೊಸೆ. "ಇಷ್ಟು ವರ್ಷ ಬಿಡದೆ ಮಾಡಿದ್ದು ಈಗ ಬಿಡ್ಲಾ?" ಎಂದು ಅತ್ತೆ. ಇಬ್ಬರದೂ ಭಕ್ತಿಯೇ. ಆದರೆ ಶಾಸ್ತ್ರ ಈ ಜಗಳದಲ್ಲಿ ಸೊಸೆಯ ಕಡೆ ಇದೆ ಎಂಬುದನ್ನು ಅತ್ತೆಯಂದಿರಿಗೆ ಮೆತ್ತಗೆ ಹೇಳಬೇಕಾಗಿದೆ.

ಮೊದಲು ವ್ರತದ ಲೆಕ್ಕ. ವರ್ಷಕ್ಕೆ 24 ಏಕಾದಶಿ, ಅಧಿಕಮಾಸ ಬಂದರೆ 26. ಒಂದೊಂದಕ್ಕೂ ಮೂರು ದಿನದ ಕಟ್ಟು: ದಶಮಿ ರಾತ್ರಿಯ ಊಟ ಇಲ್ಲ, ಏಕಾದಶಿಯ ಎರಡೂ ಹೊತ್ತು ಇಲ್ಲ, ದ್ವಾದಶಿ ರಾತ್ರಿಯದೂ ಇಲ್ಲ. ಹೀಗೆ ನಾಲ್ಕು ಊಟ ಬಿಡುವುದು ಪೂರ್ಣವ್ರತ. ಬರೀ ಏಕಾದಶಿ ದಿನ ಹಸಿದಿದ್ದು, ದಶಮಿ ರಾತ್ರಿ ಹನ್ನೊಂದಕ್ಕೆ 'ನಾಳೆ ಉಪವಾಸ' ಎಂದು ಹೊಟ್ಟೆ ಬಿರಿಯ ತಿನ್ನುವುದು ಈಗಿನ ರೂಢಿ. ಮರುದಿನ ಹುಳಿತೇಗು, ಎದೆಯುರಿ ಬಂದಾಗ ಉಪವಾಸವನ್ನೇ ದೂರುತ್ತಾರೆ. ಅದನ್ನು ತಂದದ್ದು ಹಿಂದಿನ ರಾತ್ರಿಯ ಊಟ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯಲ್ಲಿ ರಾತ್ರಿ ಪಾಳಿ ಮಾಡುವ ಹುಡುಗರು ದಶಮಿ ಮಧ್ಯಾಹ್ನ ಸರಿಯಾಗಿ ಊಟ ಮಾಡಿ, ಪಾಳಿಗೆ ಹೋಗುವ ಮುಂಚೆ ಒಂದು ಲೋಟ ಹಾಲು ಕುಡಿದರೆ ಸಾಕು. ನಡುರಾತ್ರಿ ಎರಡಕ್ಕೆ ಕ್ಯಾಂಟೀನಿನ ಊಟ ಬೇಡ.

ಬೆಂಗಳೂರಿನವರಿಗೆ ಹಸಿವಿಗಿಂತ ದೊಡ್ಡ ಶತ್ರು ಕಾಫಿ. ದಿನಕ್ಕೆ ಮೂರು ಲೋಟ ಡಿಕಾಕ್ಷನ್ ಕಾಫಿ ಕುಡಿಯುವವರು ಏಕಾದಶಿಯಂದು ಒಮ್ಮೆಲೇ ನಿಲ್ಲಿಸಿದರೆ, ಕೊನೆಯ ಲೋಟದಿಂದ ಹನ್ನೆರಡು ಗಂಟೆ ಕಳೆದ ಮೇಲೆ ಯಾವಾಗ ಬೇಕಾದರೂ ತಲೆನೋವು ಹಿಡಿಯಬಹುದು, ಒಂದು ಹಗಲಿಡೀ ಕಾಡಬಹುದು. ಹಸಿವಿನಿಂದ ಎಂದು ತಿಳಿದು ವ್ರತ ಮುರಿಯುತ್ತಾರೆ. ಅಷ್ಟಮಿಯಿಂದಲೇ ಡಿಕಾಕ್ಷನ್ ಅರ್ಧ ಮಾಡಿ, ದಶಮಿಗೆ ಒಂದೇ ಲೋಟಕ್ಕೆ ಇಳಿಸಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ದಿನ ನಿರ್ಣಯದಲ್ಲೂ ಎಡವುತ್ತಾರೆ. ಅರುಣೋದಯ ಎಂದರೆ ಸೂರ್ಯೋದಯಕ್ಕೆ ನಾಲ್ಕು ಘಳಿಗೆ ಮುಂಚೆ. ಘಳಿಗೆಗೆ 24 ನಿಮಿಷದಂತೆ 96 ನಿಮಿಷ. ಆ ಹೊತ್ತಿನಲ್ಲಿ ದಶಮಿ ಇನ್ನೂ ಉಳಿದಿದ್ದರೆ ವೈಷ್ಣವರಿಗೆ ಅದು ವಿದ್ಧ ಏಕಾದಶಿ, ಉಪವಾಸ ಮರುದಿನ. ಸ್ಮಾರ್ತರು ಸೂರ್ಯೋದಯ ನೋಡುತ್ತಾರೆ. ಜೊತೆಗೆ ಕೆಲವು ಪಂಚಾಂಗ ಸೂರ್ಯಸಿದ್ಧಾಂತವೆಂಬ ಹಳೆಯ ಗ್ರಂಥದ ಲೆಕ್ಕದ್ದು, ಕೆಲವು ಆಕಾಶದಲ್ಲಿ ಕಾಣುವ ಸ್ಥಾನಕ್ಕೆ ಹೊಂದಿಸಿದ ದೃಗ್ಗಣಿತದ್ದು. 'ಬಾಣವೃದ್ಧಿ ರಸಕ್ಷಯ' ಎಂಬ ಹಳೆಯ ಲೆಕ್ಕದಲ್ಲಿ ತಿಥಿ 60 ಘಳಿಗೆಗೆ ಐದು (ಬಾಣ) ಕೂಡಿ 65ಕ್ಕಿಂತ ಹೆಚ್ಚುವುದಿಲ್ಲ, ಆರು (ರಸ) ಕಳೆದು 54ಕ್ಕಿಂತ ಇಳಿಯುವುದಿಲ್ಲ. ದೃಗ್ಗಣಿತದಲ್ಲಿ ಅದನ್ನೂ ಮೀರುತ್ತದೆ. ಹೀಗಾಗಿ ಒಂದೇ ಬೀದಿಯ ಎರಡು ಮನೆಯಲ್ಲಿ ಬೇರೆ ಬೇರೆ ದಿನ ಏಕಾದಶಿ ಬಂದರೆ ಯಾರೂ ತಪ್ಪಲ್ಲ, ಅವರವರ ಮಠದ, ಮನೆತನದ ಪಂಚಾಂಗ ಅವರವರಿಗೆ. ತಪ್ಪಾಗುವುದು ಮೊಬೈಲಿನಲ್ಲಿ ದೆಹಲಿಯ ಸಮಯ ನೋಡಿದಾಗ. ನಮ್ಮ ಊರಿನಲ್ಲಿ ಸೂರ್ಯೋದಯ ಜೂನ್ ಆರಂಭದಲ್ಲಿ ಸುಮಾರು 5.50ಕ್ಕೆ, ಜನವರಿ ಕೊನೆಯಲ್ಲಿ ಸುಮಾರು 6.45ಕ್ಕೆ. ಜನವರಿಯಲ್ಲಿ ದೆಹಲಿಯ ಸೂರ್ಯ ನಮಗಿಂತ ಸುಮಾರು ಅರ್ಧ ಗಂಟೆ ತಡ. ದ್ವಾದಶಿಯಂದು ಉಪವಾಸ ಬಿಡುವ ಪಾರಣೆಯ ಅವಧಿ ಕಿರಿದಾಗಿದ್ದ ದಿನ ಅರ್ಧ ಗಂಟೆ ದೊಡ್ಡದು.

ಪಾರಣೆ ದ್ವಾದಶಿ ತಿಥಿಯ ಮೊದಲ ಕಾಲುಭಾಗ, ಅಂದರೆ ಹರಿವಾಸರ, ಕಳೆದ ಮೇಲೆ. ದ್ವಾದಶಿ ಮುಗಿಯುವ ಮುಂಚೆ. ದ್ವಾದಶಿ ಬೆಳಗಿನ ಜಾವ ಎರಡಕ್ಕೆ ಶುರುವಾಗಿ 24 ಗಂಟೆ ಇದ್ದರೆ ಎಂಟರ ತನಕ ಕಾಯಬೇಕು. ಸಾಧನೆ ದ್ವಾದಶಿಯಲ್ಲಿ ಇದಕ್ಕೆ ಉಲ್ಟಾ: ಸೂರ್ಯೋದಯದ ಮೇಲೆ ದ್ವಾದಶಿ ಕೆಲವೇ ನಿಮಿಷ ಉಳಿದಿರುತ್ತದೆ, ಅಡುಗೆಗೆ ಹೊತ್ತಿಲ್ಲ. ಅಂಬರೀಷ ರಾಜ ಅತಿಥಿ ದೂರ್ವಾಸರಿಗೆ ಕಾದು ನಿಂತದ್ದು ಇಂಥ ಗಳಿಗೆಯಲ್ಲೇ. ನೀರು ಕುಡಿದರೆ ಉಂಡಂತೆಯೂ ಆಯಿತು, ಉಣದಂತೆಯೂ ಆಯಿತು ಎಂದು ತಿಳಿದವರು ಹೇಳಿದ ಪರಿಹಾರ ಇಂದಿಗೂ ಅದೇ. ಹಿಂದಿನ ರಾತ್ರಿಯೇ ತುಳಸಿ, ತೀರ್ಥದ ಪಾತ್ರೆ, ತೀರ್ಥ ಹಾಕುವ ಚಮಚವಾದ ಉದ್ಧರಣೆ ತೆಗೆದಿಟ್ಟುಕೊಂಡಿದ್ದರೆ ಗಾಬರಿಯಿಲ್ಲ. ದ್ವಾದಶಿಯಂದು ತುಳಸಿ ಕೀಳುವಂತಿಲ್ಲ. ಮುಂಚೆಯೇ ಬಿಡಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಕು. ಬಾಡಿದರೂ ತುಳಸಿ ಸಲ್ಲುತ್ತದೆ.

ದ್ವಾದಶಿಯ ಅಡುಗೆಯೂ ಮರೆಯಾಗುತ್ತಿದೆ. ಅಗಸೆ ಸೊಪ್ಪು, ನೆಲ್ಲಿಕಾಯಿ, ಹೆಸರುಬೇಳೆ ತೊವ್ವೆ, ಅನ್ನ, ತುಪ್ಪ. ಹುಣಸೆ ಇಲ್ಲ, ಖಾರ ಇಲ್ಲ. ಒಂದೂವರೆ ದಿನ ಬರಿದಾಗಿದ್ದ ಹೊಟ್ಟೆಗೆ ಹುಣಸೆಹುಳಿ, ಸಾರಿನ ಪುಡಿ ಬಿದ್ದರೆ ಉರಿ. ಹಿರಿಯರು ಹುಳಿಗೆ ನೆಲ್ಲಿಕಾಯಿ ಇಟ್ಟುಕೊಂಡರು. ಗಾಂಧಿಬಜಾರಿನಲ್ಲೋ ಮಲ್ಲೇಶ್ವರದ ಮಾರುಕಟ್ಟೆಯಲ್ಲೋ ಸೊಪ್ಪಿನವರಿಗೆ ದಶಮಿಯೇ ಹೇಳಿಟ್ಟರೆ ಅಗಸೆ ತಂದುಕೊಡುತ್ತಾರೆ. ನಾಲ್ಕು ಹಿಡಿ ಸೊಪ್ಪಿಗೆ ಒಂದು ಹಿಡಿ ಹೆಸರುಬೇಳೆ, ಬೇಳೆ ಅರ್ಧ ಗಂಟೆ ನೆನೆದಿರಲಿ. ನಡುನಾರು ಪೂರ್ತಿ ತೆಗೆದು ಎಲೆ ಮಾತ್ರ ಬಿಡಿಸಿ ಸಣ್ಣಗೆ ಹೆಚ್ಚಬೇಕು. ನಾರು ಉಳಿದರೆ ಹಲ್ಲಿಲ್ಲದವರಿಗೆ ಕಷ್ಟ. ಮುಚ್ಚಳ ಹಾಕದೆ ಬೇಯಿಸಿದರೆ ಹಸಿರು ಉಳಿಯುತ್ತದೆ. ಕಹಿಗೆ ಒಂದು ಚಿಟಿಕೆ ಬೆಲ್ಲ, ಎರಡು ಚಮಚ ಕಾಯಿತುರಿ. ಊಟವಾದ ಮೇಲೆ ಹಗಲು ಮಲಗಬಾರದು ಎಂಬುದನ್ನು ಮಾತ್ರ ಈಗ ಯಾರೂ ಪಾಲಿಸುತ್ತಿಲ್ಲ.

ಏಕಾದಶಿಯ ಫಲಾಹಾರದ ಬಗ್ಗೆ ಹೇಳದಿದ್ದರೆ ಮನಸ್ಸು ಒಪ್ಪುವುದಿಲ್ಲ. ಅಕ್ಕಿ ಬಿಟ್ಟೆವು ಎಂದು ರವೆ ಉಪ್ಪಿಟ್ಟು, ಚಪಾತಿ, ಸಬ್ಬಕ್ಕಿ ವಡೆ, ರಾತ್ರಿಗೆ ಸಜ್ಜಿಗೆ! ಗೋಧಿಯೂ ಧಾನ್ಯವೇ. ಎಂದಿನ ದಿನಕ್ಕಿಂತ ಎಣ್ಣೆ ಹೆಚ್ಚು, ಪಾತ್ರೆ ಹೆಚ್ಚು, ಮನೆಯ ಹೆಂಗಸರಿಗೆ ಕೆಲಸ ಹೆಚ್ಚು. ಆಗದವರು ಎರಡು ಬಾಳೆಹಣ್ಣು, ಒಂದು ಲೋಟ ಹಾಲು ಎಂದು ಸರಳವಾಗಿ ತೆಗೆದುಕೊಂಡು ನಾಮಸ್ಮರಣೆಗೆ ಕೂರಬಹುದು. ಎಂಟು ವಸ್ತು ವ್ರತ ಕೆಡಿಸುವುದಿಲ್ಲ ಎಂಬ ಮಾತು ಮಹಾಭಾರತದ ಉದ್ಯೋಗಪರ್ವದಲ್ಲೇ ಇದೆ: ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣನ ಅಪೇಕ್ಷೆ, ಗುರುವಿನ ಮಾತು, ಔಷಧ. ಕೊನೆಯದನ್ನು ಎರಡು ಸಲ ಓದಬೇಕು. ಔಷಧ.

ಯಾಕೆಂದರೆ ಅರವತ್ತು ದಾಟಿದವರಲ್ಲಿ ನಿಜವಾಗಿ ಕೆಡುವುದು ಇಲ್ಲೇ. ಗ್ಲಿಮೆಪಿರೈಡ್ ತರಹದ ಸಕ್ಕರೆ ಮಾತ್ರೆ ನುಂಗಿ, ಇನ್ಸುಲಿನ್ ಚುಚ್ಚಿಕೊಂಡು ಏನೂ ತಿನ್ನದಿದ್ದರೆ ಸಕ್ಕರೆ ಕುಸಿಯುತ್ತದೆ. ಮಾತ್ರೆಯನ್ನೇ ಬಿಟ್ಟರೆ ಏರುತ್ತದೆ. ಎರಡೂ ಬೇಡ; ಏಕಾದಶಿಗೆ ವಾರ ಮುಂಚೆ ವೈದ್ಯರನ್ನು ಕೇಳಿ ಆ ದಿನದ ಪ್ರಮಾಣ ಬರೆಸಿಕೊಳ್ಳಬೇಕು. ನಡುಕ, ಬೆವರು, ಮಂಕು ಕಂಡರೆ ಗ್ಲುಕೋಮೀಟರಿನಲ್ಲಿ ನೋಡಬೇಕು. 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಬಿ.ಪಿ.ಗೆ 'ನೀರಿನ ಮಾತ್ರೆ', ಅಂದರೆ ಮೂತ್ರ ಹೆಚ್ಚಿಸುವ ಮಾತ್ರೆ, ತೆಗೆದುಕೊಳ್ಳುವವರಿಗೆ ನಿರ್ಜಲ ಸಲ್ಲದು. ವಯಸ್ಸಾದಂತೆ ಬಾಯಾರಿಕೆಯೇ ಮಂದವಾಗುತ್ತದೆ. 'ಬಾಯಾರಿಲ್ಲ' ಎಂಬ ಮಾತನ್ನು ನಂಬದೆ ಗಂಟೆಗಂಟೆಗೂ ಸ್ವಲ್ಪ ನೀರು ಕೊಡುತ್ತಿರಬೇಕು.

ವೈಕುಂಠ ಏಕಾದಶಿ ಬಂದರಂತೂ ಧನುರ್ಮಾಸದ ಚಳಿ, ನಸುಕಿನ ನಾಲ್ಕು ಗಂಟೆ, ಬರಿ ಹೊಟ್ಟೆ, ಕೋಟೆ ವೆಂಕಟರಮಣನ ಗುಡಿಯ ಮುಂದೆ ಉದ್ದದ ಸಾಲು. ಎಪ್ಪತ್ತು ದಾಟಿದವರಿಗೆ ಉಪವಾಸ, ಸಾಲು ಎರಡೂ ಒಟ್ಟಿಗೆ ಬೇಡ. ಬಡಾವಣೆಯ ಸಣ್ಣ ಗುಡಿಯಲ್ಲಿ ತೆರೆದ ಬಾಗಿಲೂ ವೈಕುಂಠದ್ದೇ. ಅಲ್ಲಿ ಕೊಟ್ಟ ಲಾಡುವನ್ನು ಕಣ್ಣಿಗೊತ್ತಿಕೊಂಡು ಎತ್ತಿಟ್ಟು ದ್ವಾದಶಿಗೆ ತಿನ್ನಬೇಕು, ಕಡಲೆಹಿಟ್ಟು ಅಂದು ವರ್ಜ್ಯ.

ಇಷ್ಟೆಲ್ಲ ಮಾಡಿದರೂ ಶರೀರ ಒಂದು ದಿನ ಒಲ್ಲೆ ಎನ್ನುತ್ತದೆ. ಆಗ ಇಳಿಯಲು ಮೆಟ್ಟಿಲುಗಳಿವೆ. ನಿರ್ಜಲ ಆಗದವರಿಗೆ ನೀರು, ಅದೂ ಆಗದಿದ್ದರೆ ಹಾಲು, ಹಣ್ಣು, ಅದಕ್ಕೂ ಆಚೆ ನಕ್ತ, ಅಂದರೆ ರಾತ್ರಿ ಒಂದೇ ಊಟ, ಅಥವಾ ಹಗಲು ಏಕಭುಕ್ತ. ಅದಕ್ಕೂ ಆಗದವರಿಗೆ ಪ್ರತಿನಿಧಿ: ಮಗ, ಹೆಂಡತಿ, ತಮ್ಮ, ತಂಗಿ, ಪುರೋಹಿತ ಯಾರಾದರೂ ಅವರ ಪರವಾಗಿ ಉಪವಾಸ ಮಾಡಬಹುದು. ಸಂಕಲ್ಪದಲ್ಲಿ ಹಿರಿಯರ ಗೋತ್ರ, ನಕ್ಷತ್ರ, ಹೆಸರು ಹೇಳಿ ನೀರು ಬಿಟ್ಟರಾಯಿತು. ಹಸಿವಿನ ಭೀಮಸೇನನಿಗೂ ವ್ಯಾಸರು ವರ್ಷಕ್ಕೊಂದು ಜ್ಯೇಷ್ಠ ಶುದ್ಧ ಏಕಾದಶಿಯ ದಾರಿ ತೋರಿಸಿದರು. ಸ್ವಾಮಿ ನಮ್ಮ ಹೊಟ್ಟೆಯನ್ನು ಬಲ್ಲ.

ದೇವರನ್ನು ನಂಬುವ ಬಗೆಗೆ ಶ್ರೀವೈಷ್ಣವರಲ್ಲಿ ಕೋತಿಮರಿ, ಬೆಕ್ಕಿನಮರಿ ಎಂಬ ಮಾತಿದೆ. ಕೋತಿಮರಿ ತಾಯಿಯ ಹೊಟ್ಟೆಯನ್ನು ತಾನೇ ಅವುಚಿಕೊಂಡಿರುತ್ತದೆ. ಬೆಕ್ಕಿನಮರಿಯನ್ನು ತಾಯಿಯೇ ಬಾಯಲ್ಲಿ ಕಚ್ಚಿ ಒಯ್ಯುತ್ತದೆ. ಯಾವುದು ಸರಿ ಎಂಬ ಚರ್ಚೆ ಆಚಾರ್ಯರದು. ಒಂದು ಆಯುಷ್ಯದಲ್ಲಿ ಎರಡೂ ಬರುತ್ತವೆ ಎಂದು ಮಾತ್ರ ಕಾಣುತ್ತದೆ. ಇಪ್ಪತ್ತರಲ್ಲಿ, ನಲವತ್ತರಲ್ಲಿ ಉಪವಾಸವೆಂಬ ಹಿಡಿತದಿಂದ ಸ್ವಾಮಿಯನ್ನು ಅವುಚಿಕೊಂಡಿದ್ದವರು, ಎಂಬತ್ತರಲ್ಲಿ ಕೈ ಸಡಿಲಿಸಿದರೆ ಬೀಳುತ್ತೇವೆಂದು ಹೆದರುತ್ತಾರೆ. ಅರವತ್ತು ವರ್ಷ ನಂಬಿದ್ದು ಅವನನ್ನೋ, ನಮ್ಮ ಹಿಡಿತವನ್ನೋ? ಹಾಲು ಕುಡಿದು ಮಾತ್ರೆ ನುಂಗಿ 'ಇನ್ನು ನೀನೇ ಎತ್ತಿಕೋ' ಎನ್ನುವುದಕ್ಕೆ ನಿರ್ಜಲ ಉಪವಾಸಕ್ಕಿಂತ ಹೆಚ್ಚಿನ ಧೈರ್ಯ ಬೇಕು.

ಎಂಬತ್ತು ತುಂಬಿದವರಿಗೆ ಉಳಿಯುವುದು ಕಡಿಮೆಯೇನಲ್ಲ. ಮೊಮ್ಮಕ್ಕಳ ಹೆಸರು ತಪ್ಪಿದರೂ 'ಇವತ್ತು ತಿಥಿ ಯಾವುದು' ಎಂದು ಕೇಳುವ ಅಜ್ಜಿಯರಿದ್ದಾರೆ. ಅವರ ಹಾಸಿಗೆಯ ಬಳಿ ಒಬ್ಬರು ಕೂತು ವಿಷ್ಣುಸಹಸ್ರನಾಮ ಓದಲು ಅರ್ಧ ಗಂಟೆ ಸಾಕು. ಬೇಗ ಬೇಗ ಓಡಿಸಬಾರದು. ನಡುವೆ ನಿಲ್ಲಿಸಿದರೆ ಮುಂದಿನ ನಾಮವನ್ನು ಅವರೇ ಹೇಳುವುದುಂಟು.

ಏಕಾದಶಿಯಂದು ರಾಯರ ಮಠಗಳಲ್ಲಿ ತೀರ್ಥ ಒಂದೇ ಸಲ. ಮರುದಿನ ಮೂರು ಸಲ. ಆ ಮೊದಲನೆಯ ಉದ್ಧರಣೆಯ ನೀರು ಇಡೀ ವ್ರತಕ್ಕಿಂತ ದೊಡ್ಡದೆನಿಸುತ್ತದೆ: ತಾಮ್ರದ ತಂಪು, ತುಳಸಿಯ ಘಾಟು, ಪಚ್ಚಕರ್ಪೂರದ ಚುರುಕು, ಒಣಗಿದ ನಾಲಗೆಯಿಂದ ಗಂಟಲಿಗೆ, ಗಂಟಲಿನಿಂದ ಎದೆಗೆ ಒಂದು ಗೆರೆಯಂತೆ ಇಳಿಯುವುದು. ಉಪವಾಸ ಮಾಡದ ಹಿರಿಯರಿಗೂ ಇದನ್ನು ಮೊದಲು ಕೊಡಬೇಕು, ಕಾಫಿಗೆ ಮುಂಚೆ, ಮಾತ್ರೆಗೆ ಮುಂಚೆ. ತಲೆದಿಂಬು ಎತ್ತರಿಸಿ, ಕೂತ ಭಂಗಿಗೆ ತಂದು, ಗಲ್ಲ ಸ್ವಲ್ಪ ಕೆಳಗೆ ಬಾಗಿಸಿ. ಮಲಗಿದ್ದಂತೆ ಸುರಿದರೆ ನೆತ್ತಿಗೇರುತ್ತದೆ. ಕೈ ನಡುಗುವವರ ಅಂಗೈ ಕೆಳಗೆ ನಮ್ಮ ಅಂಗೈ ಇಟ್ಟು, ಅರ್ಧ ಉದ್ಧರಣೆಯಷ್ಟೇ ಹಾಕಬೇಕು. ಮೂರು ಸಲ. ಉಳಿದ ಹನಿಯನ್ನು ಅವರೇ ತಲೆಗೆ ಒರೆಸಿಕೊಳ್ಳುತ್ತಾರೆ.