ಹೊಸ ಕಂಡಕ್ಟರ್ ಬಂದ ಮೇಲೆ

ನಮ್ಮೂರ ಆರ್ಕೆಸ್ಟ್ರಾಗೆ ಹೊಸ ಕಂಡಕ್ಟರ್, ಅಂದರೆ ಕೈಸನ್ನೆಯಿಂದಲೇ ವಾದಕರನ್ನು ನಡೆಸುವವರು, ಬಂದ ಮೇಲೆ ಕಛೇರಿಗಳ ಕಳೆಯೇ ಬದಲಾಗಿದೆ. ವಾದಕರು ಅವರೇ, ನುಡಿಸುವ ಸಿಂಫನಿಗಳೂ ಅವೇ. ಆದರೆ ಮೆಲ್ಲಗೆ ನುಡಿಸಬೇಕಾದ ಕಡೆ ಈಗ ನಿಜಕ್ಕೂ ಮೆಲ್ಲಗೆ ನುಡಿಸುತ್ತಾರೆ. ಮೊದಲೆಲ್ಲ ಟ್ರಂಪೆಟ್‌ಗಳ ಅಬ್ಬರದಲ್ಲಿ ಪಿಟೀಲಿಗಿಂತ ತುಸು ದೊಡ್ಡದಾದ ವಯೋಲಾ ಕೇಳಿಸುತ್ತಲೇ ಇರಲಿಲ್ಲ.

ನನಗೆ ಜಾಸ್ತಿ ಇಷ್ಟ ಶುರುವಾಗುವ ಮುಂಚಿನ ಗಳಿಗೆ. ಮೊದಲ ಪಿಟೀಲಿನವರು ಎದ್ದು ನಿಲ್ಲುತ್ತಾರೆ. ಓಬೋ ಅನ್ನೋ ಊದುವ ವಾದ್ಯ ಒಂದೇ ಸ್ವರ ಹಿಡಿಯುತ್ತದೆ. ಎಲ್ಲರೂ ಅದಕ್ಕೆ ಶ್ರುತಿ ಸೇರಿಸುತ್ತಾರೆ. ಎಷ್ಟು ಸಲ ಕೇಳಿದರೂ ಮೈ ಜುಮ್ಮೆನ್ನುತ್ತದೆ.

ಜರ್ಮನಿಯ ಆರ್ಕೆಸ್ಟ್ರಾ ಬರ್ಲಿನ್ ಫಿಲ್‌ಹಾರ್ಮೋನಿಕ್‌ನಲ್ಲಿ ಮುಖ್ಯ ಕಂಡಕ್ಟರನ್ನು ವಾದಕರೇ ಮತ ಹಾಕಿ ಆರಿಸುತ್ತಾರೆ. 2015ರಲ್ಲಿ ಕಿರಿಲ್ ಪೆಟ್ರೆಂಕೊ ಆಯ್ಕೆಯಾಗಿದ್ದು ಹಾಗೇ. ಮುಂದಿನ ಸಲ ಆರಿಸುವಾಗ ನಮ್ಮ ವಾದಕರನ್ನೂ ಒಂದು ಮಾತು ಕೇಳಲಿ. ದಿನಾ ಆ ಕೈಸನ್ನೆ ನೋಡಿ ನುಡಿಸುವವರು ಅವರೇ ಅಲ್ವಾ?